ಅಳದ ಮಗುವಿನ ಪಾಲು

ಚುನಾವಣೆಗೆ ನಿಂತವರು ಮಾತು ಕೊಡುವುದು ಹೊಸದಲ್ಲ. ಆದರೆ ತಮ್ಮ ಕೈಯಲ್ಲಿ ಇಲ್ಲದ್ದನ್ನು ಕೊಡುತ್ತೇವೆಂದು ಹೇಳುವುದನ್ನು ಏನೆಂದು ಕರೆಯಬೇಕು? ಸುಳ್ಳೇ, ಆಸೆಯೇ, ಇಲ್ಲ ಬರಿಯ ವಾಡಿಕೆಯೇ? ಬೆಂಗಳೂರಿನ ಹೊರವಲಯದಲ್ಲಿ ಪಾಲಿಕೆಯ ಚುನಾವಣೆ ಬಂತೆಂದರೆ "ನಿಮ್ಮ ಬಡಾವಣೆಗೆ ಬಸ್ಸು ಬಿಡಿಸುತ್ತೇನೆ" ಎಂಬ ಮಾತು ಬಾಗಿಲ ಬಳಿ ಕೇಳಿಸುತ್ತದೆ. ಸಿಟಿ ಬಸ್ಸುಗಳು 1997ರಲ್ಲಿ ಕೆ.ಎಸ್.ಆರ್.ಟಿ.ಸಿ.ಯಿಂದ ಬೇರೆಯಾಗಿ ಬಿ.ಎಂ.ಟಿ.ಸಿ.ಯ ಕೈಗೆ ಬಂದವು. ಅದು ರಾಜ್ಯ ಸರ್ಕಾರದ ಸಂಸ್ಥೆ, ಪಾಲಿಕೆಯದಲ್ಲ. ಮೆಟ್ರೋ ಕೂಡ ಪಾಲಿಕೆಯದಲ್ಲ. ಯಾವ ದಾರಿಗೆ ಎಷ್ಟು ಬಸ್ಸು ಬಿಡಬೇಕೆಂದು ಹೇಳುವ ಅಧಿಕಾರ ಕಾರ್ಪೊರೇಟರಿಗಿಲ್ಲ. ಅವರ ಕೈಗೆ ಎಟುಕುವುದು ಬೀದಿ ದೀಪ, ಫುಟ್‌ಪಾತು, ಚರಂಡಿ, ವಾರ್ಡಿನ ಒಳರಸ್ತೆ ಇಷ್ಟೇ.

ನಾನಿರುವುದು ಪೀಣ್ಯದ ಪಕ್ಕದ ದಾಸರಹಳ್ಳಿ ಕಡೆ. ಮೊದಲು ನಮ್ಮದು ಬೇರೆ ನಗರಸಭೆ. 2007ರಲ್ಲಿ 7 ನಗರಸಭೆ, 1 ಪುರಸಭೆ, 110 ಹಳ್ಳಿಗಳನ್ನು ಬೆಂಗಳೂರಿಗೆ ಸೇರಿಸಿ ಬೃಹತ್ ಮಹಾನಗರ ಪಾಲಿಕೆ ಮಾಡಿದಾಗ ನಾವೂ ರಾಜಧಾನಿಯವರಾದೆವು. 2015ರ ಆಗಸ್ಟಿನಲ್ಲಿ ಅದರ ಎರಡನೆಯ ಚುನಾವಣೆ ನಡೆಯಿತು. ಆ ಸಲ ಅರ್ಧದಷ್ಟು ವಾರ್ಡುಗಳು ಮಹಿಳೆಯರಿಗೆ ಮೀಸಲಾಗಿದ್ದವು. ಹೀಗಾಗಿ ಬಾಗಿಲಿಗೆ ಬಂದ ಅಭ್ಯರ್ಥಿಗಳಲ್ಲಿ ಹೆಂಗಸರೂ ಬಹಳವಿದ್ದರು.

ಅವರಲ್ಲೊಬ್ಬರು ನನಗೆ ಹಿಡಿಸಿದರು. ಬಸ್ಸಿನ ಮಾತು ಬಂದಾಗ ಅವರು, "ಅಕ್ಕಾ, ಬಸ್ಸು ನನ್ನ ಕೈಲಿಲ್ಲ. ಬಿಡಿಸ್ತೀನಿ ಅಂದ್ರೆ ಸುಳ್ಳು ಹೇಳಿದಂಗಾಗುತ್ತೆ. ಆದ್ರೆ ನೀವೆಲ್ಲ ಸೇರಿ ಕೇಳಿದ್ರೆ ಬರದೆ ಎಲ್ಲಿಗೋಗುತ್ತೆ? ಗೆದ್ರೆ ತಿಂಗಳಿಗೊಂದು ಸಭೆ ಕರೀತೀನಿ, ನೀವು ಬಂದು ಮಾತಾಡಬೇಕು. ಅಳದಿದ್ರೆ ತಾಯಿ ಕೂಡ ಹಾಲು ಕೊಡಲ್ಲ ಅಲ್ವಾ?" ಎಂದರು. ಚುನಾವಣೆಯ ಹೊತ್ತಿನಲ್ಲಿ ಇದು ನನ್ನ ಕೈಲಿಲ್ಲ ಎಂದು ಹೇಳಲು ಎದೆಗಾರಿಕೆ ಬೇಕು. ಜನರನ್ನು ಬರಿಯ ಓಟೆಂದು ಎಣಿಸದೆ, ಬಂದು ಮಾತಾಡಿ ಎನ್ನುವುದು ಗೌರವದ ಮಾತೇ.

ಮಹಡಿಯ ಮೇಲಿನ ಬಾಡಿಗೆ ಮನೆಯ ಹುಡುಗಿ ಮೆಟ್ಟಿಲ ಮೇಲೆ ನಿಂತು ಇದನ್ನೆಲ್ಲ ಕೇಳಿಸಿಕೊಂಡಿದ್ದಳು. ಪಾವಗಡದ ಕಡೆಯವಳು, ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕೆಲಸ, ಇಬ್ಬರು ಮಕ್ಕಳು. ಅವರು ಹೋದ ಮೇಲೆ ಒಂದೇ ಪ್ರಶ್ನೆ ಕೇಳಿದಳು: "ಸಭೆ ಎಷ್ಟೊತ್ತಿಗಂತೆ ಅಕ್ಕಾ?"

ಆ ಪ್ರಶ್ನೆಗೆ ಉತ್ತರ ಹುಡುಕುವುದು ಸುಲಭವಲ್ಲ. ಬೆಳಿಗ್ಗೆ ಐದಕ್ಕೆದ್ದು ಅಡುಗೆ ಮಾಡಿ, ಮಕ್ಕಳಿಗೆ ಡಬ್ಬಿ ಕಟ್ಟಿ, ಎಂಟಕ್ಕೆ ಮುಂಚೆ ಅವಳು ಬಸ್ ಸ್ಟಾಪಿನಲ್ಲಿರಬೇಕು. ಮನೆ ಸೇರುವಾಗ ರಾತ್ರಿ ಏಳೂವರೆಯೋ ಎಂಟೋ. ಶನಿವಾರವೂ ಕೆಲಸ. ಭಾನುವಾರ ವಾರದ ಬಟ್ಟೆ, ರೇಷನ್ನು, ಮಗುವಿನ ಜ್ವರ. ಬಸ್ಸು ಯಾರಿಗೆ ಎಲ್ಲರಿಗಿಂತ ಹೆಚ್ಚು ಬೇಕೋ, ಅವರಿಗೇ ಅದನ್ನು ಕೇಳಲು ಬಿಡುವಿಲ್ಲ. ಬಸ್ಸು ಬೇಗ ಬಂದಿದ್ದರೆ ಸಭೆಗೆ ಬರುವ ಹೊತ್ತು ಸಿಗುತ್ತಿತ್ತೇನೋ. ಆದರೆ ಬಸ್ಸು ಬೇಗ ಬರಬೇಕಾದರೆ ಮೊದಲು ಸಭೆಗೆ ಬರಬೇಕು!

ಇಂಥ ಸಭೆಗಳನ್ನು ನಾನು ಕಂಡಿದ್ದೇನೆ. ನಿವೃತ್ತರು, ಅಂಗಡಿ ಇಟ್ಟವರು, ಸ್ವಂತ ಮನೆಯವರು, ನನ್ನಂತೆ ಮಧ್ಯಾಹ್ನದ ಹೊತ್ತು ಕೈಯಲ್ಲಿರುವವರು ಬಂದು ಕೂರುತ್ತಾರೆ. ರಸ್ತೆಯ ಗುಂಡಿ, ಬೀದಿ ನಾಯಿ, ಮನೆ ಮುಂದೆ ಅಡ್ಡ ನಿಲ್ಲಿಸಿದ ಕಾರು, ಹೀಗೆ ಅವರು ಹೇಳುವುದೆಲ್ಲ ನಿಜವಾದ ತೊಂದರೆಗಳೇ. ಬಸ್ಸಿನ ಮಾತು ಕೊನೆಯಲ್ಲಿ ಬರುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ. ಆಮೇಲೆ "ಸಾರ್ವಜನಿಕರ ಅಭಿಪ್ರಾಯ ಪಡೆಯಲಾಯಿತು" ಎಂದು ಬರೆದುಕೊಳ್ಳುತ್ತಾರೆ. ಬಾರದವರು ಒಪ್ಪಿದವರೆಂದು ಎಣಿಕೆ. ನನಗೆ ಒಪ್ಪಲಾಗದ್ದು ಈ ಎಣಿಕೆ.

ಕಾನೂನಿಗೂ ಈ ತೊಡಕು ಸ್ವಲ್ಪ ಗೊತ್ತಿತ್ತು. 1992ರ ಸಂವಿಧಾನದ 74ನೆಯ ತಿದ್ದುಪಡಿ ದೊಡ್ಡ ನಗರಗಳಿಗೆ ವಾರ್ಡ್ ಸಮಿತಿಗಳನ್ನು ಹೇಳಿತು. ನಮ್ಮಲ್ಲಿ ಅದು ಬರಲು ಬಹಳ ವರ್ಷ ಹಿಡಿಯಿತು, ಹೈಕೋರ್ಟು ಗದರಬೇಕಾಯಿತು. ಹತ್ತು ಜನರ ಸಮಿತಿಯಲ್ಲಿ ಕನಿಷ್ಠ ಮೂವರು ಹೆಂಗಸರಿರಬೇಕೆಂದು ನಿಯಮವಾಯಿತು. 2018ರ ಕೊನೆಯ ಹೊತ್ತಿಗೆ ತಿಂಗಳ ಮೊದಲ ಶನಿವಾರ ಸಭೆ ಸೇರುವ ಪದ್ಧತಿಯೂ ಬಂತು. ಐದು ದಿನದ ವಾರದವರಿಗೆ ಶನಿವಾರ ಒಳ್ಳೆಯ ದಿನ. ಹೊಲಿಗೆ ಮಿಷನ್ನಿನ ಮುಂದೆ ಕೂತವರಿಗೆ ಅದು ಆರನೆಯ ದಿನ.

ನಗರದ ಆ ತುದಿಯ ಎಲೆಕ್ಟ್ರಾನಿಕ್ ಸಿಟಿಯದು ಇನ್ನೊಂದು ಬಗೆ. 1970ರ ದಶಕದ ಕೊನೆಯಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಹಳ್ಳಿಗಳ 332 ಎಕರೆಯಲ್ಲಿ ಕಿಯೋನಿಕ್ಸ್ ಕಟ್ಟಿದ ಊರು ಅದು. 2013ರಲ್ಲಿ ಅದರ ಆಡಳಿತಕ್ಕೆ ಪ್ರತ್ಯೇಕ ಕೈಗಾರಿಕಾ ಟೌನ್‌ಶಿಪ್ ಪ್ರಾಧಿಕಾರವಾಯಿತು. ರಸ್ತೆ ಚೆನ್ನಾಗಿರುತ್ತದೆ, ದೀಪ ಉರಿಯುತ್ತದೆ, ಅಲ್ಲಗಳೆಯುವುದಿಲ್ಲ. ಆದರೆ ಅಲ್ಲಿ ಕಸ ಗುಡಿಸುವವಳು, ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವವಳು ಓಟು ಹಾಕಿ ಆರಿಸುವ ವಾರ್ಡಿನ ಸದಸ್ಯರು ಆ ಪ್ರಾಧಿಕಾರದಲ್ಲಿಲ್ಲ. ಆಕೆ ಆ ಊರಿಗೆ ದುಡಿಯಲು ಬರುವವಳು ಅಷ್ಟೆ.

ಹಾಗಾದರೆ ಅಭ್ಯರ್ಥಿ ಹೇಳಿದ್ದು ತಪ್ಪೇ? ಪೂರ್ತಿ ತಪ್ಪೆನ್ನಲಾರೆ. ಭವಿಷ್ಯನಿಧಿಯ ಹಣವನ್ನು 58 ವರ್ಷದವರೆಗೆ ಪೂರ್ತಿ ತೆಗೆಯುವಂತಿಲ್ಲವೆಂಬ ಹೊಸ ನಿಯಮದ ವಿರುದ್ಧ 2016ರ ಏಪ್ರಿಲಿನಲ್ಲಿ, ಯಾವ ಸಭೆಗೂ ಬಾರದಿದ್ದ ಈ ಹೆಣ್ಣುಮಕ್ಕಳೇ ಸಾವಿರಾರು ಜನ ಹೊಸೂರು ರಸ್ತೆಯಲ್ಲಿ, ನಮ್ಮ ಪೀಣ್ಯದ ಕಡೆಯಲ್ಲಿ ಬೀದಿಗಿಳಿದರು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ನಿಯಮ ಹಿಂತೆಗೆಯಿತು. ಅತ್ತಾಗ ಹಾಲು ಬಂತು, ನಿಜ. ಆದರೆ ಆ ಎರಡು ದಿನದಲ್ಲಿ ಲಾಠಿಯೂ ಬೀಸಿತು, ಬಸ್ಸುಗಳೂ ಸುಟ್ಟವು. ಕೇಳಿಸಿಕೊಳ್ಳಲು ಅಷ್ಟರವರೆಗೆ ಕಾಯಬೇಕಿತ್ತೇ?

ಗಾದೆಯನ್ನೇ ಇನ್ನೊಮ್ಮೆ ನೋಡೋಣ. ಮಕ್ಕಳನ್ನು ಹೆತ್ತು ಸಾಕಿದ ನಮಗೆ ಒಂದು ವಿಷಯ ಗೊತ್ತು. ಅಳುವ ಮಗುವಿನ ಬಗ್ಗೆ ಅಷ್ಟು ಭಯವಿರುವುದಿಲ್ಲ. ಜ್ವರದಲ್ಲಿ ಅಳುವ ಶಕ್ತಿಯೂ ಇಲ್ಲದೆ ಸುಮ್ಮನೆ ಮಲಗಿದ ಮಗುವನ್ನು ಕಂಡರೆ ಎದೆ ಧಸಕ್ಕೆನ್ನುತ್ತದೆ. ಅದಕ್ಕೆ ಹಸಿವಿಲ್ಲವೆಂದು ಯಾವ ತಾಯಿಯೂ ತಿಳಿಯುವುದಿಲ್ಲ. ಹತ್ತಿರ ಹೋಗಿ ಹಣೆ ಮುಟ್ಟಿ ನೋಡುತ್ತಾಳೆ. "ಬಂದು ಹೇಳಿ" ಎನ್ನುವ ಆಡಳಿತಕ್ಕೂ, ಹೋಗಿ ಕೇಳುವ ಆಡಳಿತಕ್ಕೂ ಇರುವ ಅಂತರ ಇಷ್ಟೇ. ಜನ ಸೇರಬೇಕು ಎಂಬುದು ಸರಿಯಾದ ಮಾತು. ಆದರೆ ಸೇರುವ ಹೊರೆಯನ್ನೆಲ್ಲ ಬಿಡುವಿಲ್ಲದವರ ತಲೆಗೆ ಹೊರಿಸಿದರೆ ಅದು ಗೌರವವಾಗದು.

ಇತ್ತೀಚೆಗೆ ಬಹಳಷ್ಟು ಬದಲಾಗಿದೆ. ನಾಗಸಂದ್ರಕ್ಕೆ 2015ರಲ್ಲಿ, ವೈಟ್‌ಫೀಲ್ಡಿಗೆ 2023ರಲ್ಲಿ, ಎಲೆಕ್ಟ್ರಾನಿಕ್ ಸಿಟಿ ದಾಟಿ ಬೊಮ್ಮಸಂದ್ರಕ್ಕೆ 2025ರ ಆಗಸ್ಟಿನಲ್ಲಿ ಮೆಟ್ರೋ ಬಂತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟಿಗೆ ದುಡ್ಡಿಲ್ಲ. ಆ ದುಡ್ಡು ಉಳಿದರೆ ಎಷ್ಟು ಹಾಲು, ಎಷ್ಟು ಪುಸ್ತಕ ಎಂಬುದು ಸಂಸಾರ ತೂಗಿಸುವವರಿಗೆ ಗೊತ್ತು. ಆದರೆ ಬಸ್ಸಿಳಿದ ಮೇಲೆ ಮನೆಯವರೆಗಿನ ದಾರಿ ಟಿಕೆಟಿನಲ್ಲಿ ಸೇರಿಲ್ಲ. ಕತ್ತಲ ತಿರುವು, ಕಲ್ಲು ಎದ್ದ ಫುಟ್‌ಪಾತು, ಮಳೆಗೆ ತುಂಬಿದ ಚರಂಡಿ, ಇವೆಲ್ಲ ಕಾರ್ಪೊರೇಟರ ಕೈಲಿರುವುದೇ. ತನ್ನ ಕೈಲಿಲ್ಲದ್ದನ್ನು ಒಪ್ಪಿಕೊಳ್ಳುವ ಪ್ರಾಮಾಣಿಕತೆಯ ಜೊತೆಗೆ, ಕೈಲಿರುವುದನ್ನು ಲೆಕ್ಕ ಹಾಕಿ ಹೇಳುವ ಪ್ರಾಮಾಣಿಕತೆಯೂ ಬೇಕು.

2015ರಲ್ಲಿ ಆಯ್ಕೆಯಾದ ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿಗೆ ಮುಗಿಯಿತು. ಆಮೇಲೆ ಐದು ವರ್ಷ ಕಳೆದರೂ ಹೊಸ ಚುನಾವಣೆಯಾಗಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಆ ಒಂದು ಪಾಲಿಕೆಯ ಜಾಗದಲ್ಲಿ ಐದು ಪಾಲಿಕೆಗಳಾದವು. ವಾರ್ಡುಗಳು ಚಿಕ್ಕವಾದಷ್ಟೂ ಸದಸ್ಯರು ಜನರಿಗೆ ಹತ್ತಿರವಾಗುತ್ತಾರೆ ಎನ್ನುತ್ತಾರೆ. ಆದರೆ ಹತ್ತಿರವಾಗಬೇಕಾದರೆ ಯಾರಾದರೊಬ್ಬರು ನಡೆಯಬೇಕಲ್ಲ.

ಅಭ್ಯರ್ಥಿಗಳು ಬಾಗಿಲಿಗೆ ಬಂದಾಗ ಬಸ್ಸು ಬಿಡಿಸುತ್ತೀರಾ ಎಂದು ಕೇಳುವುದರಿಂದ ಹೆಚ್ಚು ಪ್ರಯೋಜನವಿಲ್ಲ. ಬೆಳಿಗ್ಗೆ ಏಳೂವರೆಗೆ, ಇಲ್ಲ ರಾತ್ರಿ ಎಂಟಕ್ಕೆ, ನಮ್ಮ ಸ್ಟಾಪಿಗೆ ತಿಂಗಳಿಗೊಮ್ಮೆ ಬಂದು ನಿಲ್ಲುತ್ತೀರಾ, ಅಲ್ಲಿ ಇಳಿಯುವವರನ್ನು ಕೇಳಿ ಬರೆದುಕೊಳ್ಳುತ್ತೀರಾ, ಅವರ ಜೊತೆ ಮನೆಯವರೆಗೆ ನಡೆದು ನೋಡುತ್ತೀರಾ ಎಂದು ಕೇಳಬಹುದು. ಮಧ್ಯಾಹ್ನ ಬಿಡುವಿರುವ ನಾವು ಸಭೆಗೆ ಹೋಗುವ ಮುಂಚೆ, ಮಹಡಿಯ ಮೇಲಿನವಳನ್ನು ಕೂಗಿ ನಿನ್ನದೇನಿದೆಯಮ್ಮಾ ಎಂದು ಒಂದು ಮಾತು ಕೇಳಿಕೊಂಡು ಹೋಗಬಹುದು. ಅದಕ್ಕೆ ಯಾರ ಅಧಿಕಾರವೂ ಬೇಕಾಗಿಲ್ಲ.