ಸುಪೀರಿಯರ್ ದಡದ ಚಿತ್ರಗಳು ಮತ್ತು ‘ಅದೇ ಸರೋವರ’ದ ಪ್ರಶ್ನೆ

ಒಂದೇ ಜಾಗದಲ್ಲಿ ಟ್ರೈಪಾಡ್ ನಿಲ್ಲಿಸಿ ಸುಪೀರಿಯರ್ ಸರೋವರದ ದಡವನ್ನು ವರ್ಷವಿಡೀ ಸೆರೆಹಿಡಿದರೆ, ಆ ಚಿತ್ರಗಳಲ್ಲಿರುವುದು ಒಂದೇ ಸರೋವರವೇ ಎಂಬ ಪ್ರಶ್ನೆ ಏಳುತ್ತದೆ. ಅಮೆರಿಕ ಮತ್ತು ಕೆನಡಾಗಳ ನಡುವೆ ಸುಮಾರು 82,000 ಚದರ ಕಿಲೋಮೀಟರ್ ಹರಡಿರುವ ಈ ಸಿಹಿನೀರಿನ ರಾಶಿಯ ಅಂಚು ಋತುವಿಗೊಂದು ರೂಪ ತಾಳುತ್ತದೆ. ಹಿಮ ಕರಗುವಾಗ ವಿಸ್ಕಾನ್ಸಿನ್ ಕಡೆಯ ನೀರು ಕೆಂಪು ಜೇಡಿಯಿಂದ ಕದಡುತ್ತದೆ. ಬೇಸಿಗೆಯಲ್ಲಿ ಬೆಚ್ಚನೆಯ ಗಾಳಿ ತಣ್ಣೀರಿನ ಮೇಲೆ ಹಾಯುತ್ತಲೇ ಮಂಜು ಕವಿಯುತ್ತದೆ. ಚಳಿಗಾಲದಲ್ಲಿ ಅಲೆಯ ತುಂತುರು ಕೊಂಬೆಗಳ ಮೇಲೆ ಪದರಪದರವಾಗಿ ಹೆಪ್ಪುಗಟ್ಟುತ್ತದೆ. ಎಳೆಯ ಬರ್ಚ್ ಮರವೊಂದು ಆ ಭಾರಕ್ಕೆ ಬಾಗಿ, ತುದಿ ಬಂಡೆಗೆ ಅಂಟಿಕೊಂಡುಬಿಡುತ್ತದೆ. ಫೆಬ್ರುವರಿಯ ಚಿತ್ರದಲ್ಲಿ ನೀರೆಲ್ಲಿ ಮುಗಿಯಿತು, ನೆಲವೆಲ್ಲಿ ಶುರುವಾಯಿತು ಎಂದು ಹೇಳುವುದೇ ಕಷ್ಟ.

ಈ ಪ್ರಶ್ನೆಗೆ ಭಾರತೀಯ ದರ್ಶನಗಳು ಬೇರೆಬೇರೆ ಉತ್ತರ ಕೊಡುತ್ತವೆ. ಬೌದ್ಧರ ಕ್ಷಣಿಕವಾದದ ಪ್ರಕಾರ ಇರುವುದೆಲ್ಲವೂ ಕ್ಷಣಮಾತ್ರ ಇರುತ್ತದೆ. ‘ಅದೇ ಸರೋವರ’ ಎಂಬುದು ಒಂದನ್ನೊಂದು ಹೋಲುವ ಕ್ಷಣಗಳ ಸಾಲಿಗೆ ಮನಸ್ಸು ಕೊಟ್ಟ ಹೆಸರು. ಬೌದ್ಧ ತಾರ್ಕಿಕ ಧರ್ಮಕೀರ್ತಿ ಇದನ್ನು ತರ್ಕದಿಂದಲೇ ಸ್ಥಾಪಿಸಹೊರಟವನು. ಒಂದೊಂದು ಚಿತ್ರವೂ ಒಂದು ಕ್ಷಣವನ್ನಷ್ಟೇ ಹಿಡಿಯುವುದರಿಂದ ಕ್ಯಾಮೆರಾ ಅವನ ಪಕ್ಷ ವಹಿಸಿದೆ ಎಂದು ಮೊದಲಿಗೆ ತೋರುತ್ತದೆ. ಆದರೆ ಶಟರ್ ಎಷ್ಟೇ ಬೇಗ ಮುಚ್ಚಲಿ, ಅದು ತೆರೆದಿದ್ದ ಅವಧಿಯೊಂದು ಇದ್ದೇ ಇರುತ್ತದೆ. ಬೆಳಕು ತಗ್ಗಿಸುವ ಫಿಲ್ಟರ್ ಹಾಕಿ 30 ಸೆಕೆಂಡು ತೆರೆದಿಟ್ಟರೆ ಅಲೆಗಳು ಕಲೆತು ಹೊಗೆಯಾಗುತ್ತವೆ, ಬಂಡೆ ಮಾತ್ರ ಗೀರುಗಳ ಸಮೇತ ಸ್ಪಷ್ಟವಾಗಿ ಉಳಿಯುತ್ತದೆ. ‘ಇದು ಅದೇ’ ಎಂಬ ಗುರುತೇ, ಅಂದರೆ ಪ್ರತ್ಯಭಿಜ್ಞೆಯೇ, ಸ್ಥಿರವಸ್ತುವಿಗೆ ಸಾಕ್ಷಿ ಎನ್ನುವ ನ್ಯಾಯದರ್ಶನದ ನೈಯಾಯಿಕರಿಗೆ ಇಂಥ ಬಂಡೆ ಒಳ್ಳೆಯ ಆಸರೆ.

ಆದರೆ ಬಂಡೆಯೂ ನಿಂತಲ್ಲಿ ನಿಂತಿಲ್ಲ. ಹಿಮಯುಗದ ಹಿಮದ ಹೊರೆ ಇಳಿದ ಮೇಲೆ ಇಲ್ಲಿನ ನೆಲ ಈಗಲೂ ಮೇಲೇಳುತ್ತಿದೆ, ದಕ್ಷಿಣಕ್ಕಿಂತ ಉತ್ತರದಲ್ಲಿ ಹೆಚ್ಚು ವೇಗವಾಗಿ. ಸರೋವರದ ನೀರೆಲ್ಲ ಬದಲಾಗಲು ಸುಮಾರು 190 ವರ್ಷ ಹಿಡಿಯುತ್ತದೆ. ಬಂಡೆಯಲ್ಲೂ ನೀರಿನಲ್ಲೂ ಬದಲಾವಣೆ ಮತ್ತು ಮುಂದುವರಿಕೆ ಎರಡೂ ಇವೆ. ಹಾಗಾಗಿ ಈ ಚಿತ್ರಮಾಲೆಗೆ ಹೆಚ್ಚು ಒಪ್ಪುವುದು ಜೈನರ ನಿಲುವು. ಉಮಾಸ್ವಾತಿಯ ತತ್ತ್ವಾರ್ಥಸೂತ್ರದಲ್ಲಿ ಹುಟ್ಟು, ಅಳಿವು, ಸ್ಥಿರತೆ ಮೂರೂ ಕೂಡಿದ್ದೇ ಸತ್, ಅಂದರೆ ಇರುವಂಥದ್ದು. ದ್ರವ್ಯ ಉಳಿಯುತ್ತದೆ, ಪರ್ಯಾಯಗಳು, ಅಂದರೆ ಅದರ ಅವಸ್ಥೆಗಳು, ಬಂದು ಹೋಗುತ್ತವೆ. ಆ ಸ್ಥಿರತೆಯೂ ಸದೃಶ ಕ್ಷಣಗಳ ಸಾಲೇ ಎಂದು ಬೌದ್ಧರು ಆಕ್ಷೇಪಿಸಬಹುದು. ಅದಕ್ಕೆ ಜೈನರ ಉತ್ತರ ಕಾರ್ಯಕಾರಣದ ನೆಲೆಯದು: ಫೆಬ್ರುವರಿಯ ಮಂಜುಗಡ್ಡೆ ಏಪ್ರಿಲ್‌ನ ನೀರಾಗಬೇಕಾದರೆ ಎರಡರಲ್ಲೂ ಏನೋ ಒಂದು ಮುಂದುವರಿದಿರಲೇಬೇಕು.