ಕಾಲುದಾರಿಯೂ ಗಾಲಿಯೂ

ಒಬ್ಬನ ಭೂಮಿಯ ಮೇಲೆ ಇನ್ನೊಬ್ಬನು ದಾಟಿಹೋಗುವದು ಹಕ್ಕಿನಿಂದಲೋ ದಯೆಯಿಂದಲೋ ಎಂಬ ಪ್ರಶ್ನೆಯು ಸಣ್ಣದಾಗಿ ಕಾಣುತ್ತದೆ. ಗದ್ದೆಯ ಹಾಳಿಯ ಮೇಲೆ ನಡೆದು ಬೆಳೆದ ನಾವು ಅದನ್ನು ಕೇಳುವದೇ ಇಲ್ಲ. ದಾರಿಗೆ ಬೇಲಿ ಬಿದ್ದ ದಿನ ಮಾತ್ರ ಕೇಳುತ್ತೇವೆ. ಅಂಥ ದಿನವು ಹಬ್ಬುವಾಡದ ಕಡೆಯಲ್ಲಿ ನಮ್ಮವರಿಬ್ಬರಿಗೆ ಬಂದದ್ದರಿಂದಲೂ, ಇಬ್ಬರೂ ಒಂದೇ ಕರ್ತನ ಮೇಜಿಗೆ ಬರುವವರಾದ್ದರಿಂದಲೂ, ಅದರ ವಿಷಯವಾಗಿ ನಾನು ಯೋಚಿಸಿದ್ದನ್ನು ಇಲ್ಲಿ ಬರೆಯುತ್ತೇನೆ. ಹೆಸರುಗಳನ್ನು ಬರೆಯುವದಿಲ್ಲ, ತಿಳಿದವರು ತಿಳಿದುಕೊಂಡು ಸುಮ್ಮನಿರಲಿ.

ಒಬ್ಬ ವಿಧವೆಯ ಮನೆಯು ಗದ್ದೆಗಳ ಆಚೆಯಲ್ಲಿದೆ. ಅಲ್ಲಿಂದ ಡಾಂಬರು ರಸ್ತೆಗೆ ಬರಬೇಕಾದರೆ ನಮ್ಮ ಸಭೆಯ ಹಿರಿಯರೊಬ್ಬರ ಗದ್ದೆಯ ಹಾಳಿಯ ಮೇಲೆ ನಡೆದು, ಒಂದು ಸಂಕವನ್ನು ದಾಟಿ, ದಣಪೆಯನ್ನು ಸರಿಸಿ ಬರಬೇಕು. ಆಕೆಯ ಅತ್ತೆಯೂ ಹೀಗೆಯೇ ನಡೆದಳು. ಮೀನುಬುಟ್ಟಿ ಹೊತ್ತವರೂ ನಡೆದರು, ಶವಪೆಟ್ಟಿಗೆ ಹೊತ್ತವರೂ ನಡೆದರು. ಯಾರೂ ಯಾರನ್ನೂ ಕೇಳಲಿಲ್ಲ. ಹೀಗಿರಲಾಗಿ ವಿಧವೆಯ ಕಿರಿಯ ಮಗಳು, ಅಕ್ಕನಿಗೆ ಶಾಲೆಯಲ್ಲಿ ಸಿಕ್ಕಿದ್ದ ಹಳೇ ಸೈಕಲನ್ನು ಹತ್ತಿ ಆ ಹಾಳಿಯ ಮೇಲೆ ಓಡಿಸತೊಡಗಿದಳು. ನಮ್ಮ ರಾಜ್ಯದ ಸರಕಾರವು 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲು ಹಂಚಲಾರಂಭಿಸಿದ ಮೇಲೆ ಹಳ್ಳಿಯ ಹೆಣ್ಣುಮಕ್ಕಳು ಸೈಕಲು ಹತ್ತುವದು ಆಶ್ಚರ್ಯದ ಸಂಗತಿಯಲ್ಲ. ಸೈಕಲು ಸಿಕ್ಕಿತು; ಅದನ್ನು ಓಡಿಸುವ ದಾರಿಯು ಎಲ್ಲರಿಗೂ ಸಿಕ್ಕಲಿಲ್ಲ.

ಮಳೆ ಹಿಡಿದ ಮೇಲೆ ಹಾಳಿಯು ಎರಡು ಕಡೆ ಕುಸಿದು, ನಾಟಿಮಾಡಿದ ಗದ್ದೆಯ ನೀರು ಕೆಳಗದ್ದೆಗೆ ಹರಿದುಹೋಯಿತು. ಹಿರಿಯರು ದಣಪೆಯನ್ನು ಕಿತ್ತು ಅಲ್ಲಿ ಮುಳ್ಳಿನ ಬೇಲಿಯನ್ನು ಹಾಕಿಸಿದರು. ಗಾಲಿಗೆ ಮಾತ್ರವಲ್ಲ, ಕಾಲಿಗೂ ದಾರಿ ಕಟ್ಟಾಯಿತು.

ನಾನು ವಿಚಾರಿಸಲು ಹೋದಾಗ ಅವರು, “ಉಪದೇಶಿಗಳೇ, ನಮ್ಮ ಅಪ್ಪ ನಡೆಯಲಿಕ್ಕೆ ಬಿಟ್ಟದ್ದು ನಿಜ. ಗಾಲಿ ಹೊಡೆಯಲಿಕ್ಕೆ ಬಿಟ್ಟನೋ? ಇವತ್ತು ಸೈಕಲು, ನಾಳೆ ಮೋಟಾರು ಬೈಕು, ನಾಡಿದ್ದು ರಿಕ್ಷಾ. ಇಪ್ಪತ್ತು ವರ್ಷ ಸುಮ್ಮನಿದ್ದರೆ ಗದ್ದೆ ಹೋಗಿ ರಸ್ತೆಯಾಗುತ್ತದೆ” ಅಂದರು. ಇದನ್ನು ಬರೇ ಲೋಭವೆಂದು ಯಾರೂ ಎಣಿಸಬಾರದು. ಸೀಬರ್ಡ್ ನೌಕಾನೆಲೆಗಾಗಿ ಕಾರವಾರ ಅಂಕೋಲಾ ತಾಲೂಕುಗಳ ಎಷ್ಟೋ ಮನೆಗಳು ಎದ್ದುಹೋದವು. 1998ರಲ್ಲಿ ಪೂರ್ತಿಯಾದ ಕೊಂಕಣ ರೈಲುಮಾರ್ಗಕ್ಕೂ ಆಮೇಲೆ ಅಗಲವಾದ ಹೆದ್ದಾರಿಗೂ ಭೂಮಿ ಹೋಯಿತು. ಇದನ್ನು ಕಣ್ಣಾರೆ ಕಂಡ ಮನುಷ್ಯನು ಒಂದು ಮೊಳ ಅಗಲದ ಹಾಳಿಗೂ ಹೆದರುತ್ತಾನೆ.

ದೇವಶಾಸ್ತ್ರ ಶಾಲೆಯಲ್ಲಿ ಕಲಿತವನಿಗೆ ಇಂಥ ಹೊತ್ತಿನಲ್ಲಿ ಮಾತು ಸುಲಭವಾಗಿ ಬರುತ್ತದೆ. ನಾನು ವಿಧವೆಯ ಮನೆಗೆ ಹೋಗಿ, “ಅಕ್ಕಾ, ಹಿರಿಯರ ಬಳಿಗೆ ಹೋಗಿ ಅಪ್ಪಣೆ ಕೇಳಿರಿ, ತಗ್ಗಿಸಿಕೊಂಡು ಕೇಳಿದರೆ ಕೊಡುತ್ತಾರೆ” ಎಂದು ಹೇಳಿದೆನು. ಆಕೆಯು, “ನನ್ನ ಅತ್ತೆ ನಡೆದ ದಾರಿಯನ್ನು ನಾನು ಬೇಡುವದೇ?” ಎಂದು ಹೇಳಿ ಒಲೆಯ ಕಡೆಗೆ ತಿರುಗಿದಳು. ಗರ್ವಿಷ್ಠೆಯೆಂದು ಮನಸ್ಸಿನಲ್ಲಿ ಅಂದುಕೊಂಡೇ ನಾನು ಹೊರಗೆ ಬಂದೆನು. ಆದರೆ ಕಾರವಾರದಲ್ಲಿ ಒಬ್ಬ ವಕೀಲರ ಬಳಿಯಲ್ಲಿ ಕಾಯಿದೆಯ ಪುಸ್ತಕವನ್ನು ತೆರೆಯಿಸಿ ಕೇಳಿದಾಗ, ನನ್ನ ಭಕ್ತಿಯ ಮಾತು ಆ ಬಡವಳ ಹಕ್ಕನ್ನು ನುಂಗಿಬಿಡುವಂಥದಾಗಿತ್ತೆಂದು ತಿಳಿದು ನಾಚಿಕೆಪಟ್ಟೆನು.

ಸಂಗತಿಯು ಹೀಗಿದೆ. ಖಾಸಗಿಯವರದಲ್ಲದ ಸಾರ್ವಜನಿಕ ರಸ್ತೆ, ಓಣಿ, ದಾರಿಗಳು ಸರಕಾರದ ಸೊತ್ತೆಂದು 1964ರ ಕರ್ನಾಟಕ ಭೂ ಕಂದಾಯ ಕಾಯಿದೆಯು ಹೇಳುತ್ತದೆ. ಆದಕಾರಣ ದಾರಿಯ ಜಗಳವೆದ್ದರೆ ಮೊದಲು ಗ್ರಾಮದ ನಕಾಶೆಯನ್ನು ನೋಡಬೇಕು. ನಮ್ಮ ಈ ಹಾಳಿಯು ನಕಾಶೆಯಲ್ಲಿಲ್ಲ. ಆಗ ನೋಡತಕ್ಕದ್ದು 1882ನೇ ಇಸವಿಯ ಈಸ್‌ಮೆಂಟ್ ಕಾಯಿದೆ. ಅಂದರೆ ಪರರ ಭೂಮಿಯ ಮೇಲೆ ದಾರಿ, ನೀರು ಮೊದಲಾದವುಗಳ ಅನುಭೋಗದ ಹಕ್ಕನ್ನು ಕುರಿತದ್ದು. ನಮ್ಮ ಜಿಲ್ಲೆಯು 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿಸಲ್ಪಟ್ಟದ್ದರಿಂದ ಆ ಕಾಯಿದೆಯು ನಮಗೆ 1891ರಲ್ಲಿ ಬಂತು, ಈಗಲೂ ನಡೆಯುತ್ತಿದೆ. ಅದರ 15ನೇ ಕಲಮಿನ ಪ್ರಕಾರ, ಒಬ್ಬನು ಪರರ ಭೂಮಿಯಲ್ಲಿ 20 ವರ್ಷ ಸಮಾಧಾನವಾಗಿ, ಬಹಿರಂಗವಾಗಿ, ತಡೆಯಿಲ್ಲದೆ, ತನ್ನ ಹಕ್ಕೆಂದೇ ನಡೆದಿದ್ದರೆ ಆ ದಾರಿಯ ಹಕ್ಕು ಅವನಿಗೆ ಸ್ಥಿರವಾಗುತ್ತದೆ. ಆದರೆ ಅಪ್ಪಣೆಯಿಂದ ನಡೆದವನಿಗೆ ನೂರು ವರ್ಷವಾದರೂ ಹಕ್ಕು ಹುಟ್ಟುವದಿಲ್ಲ. ಅಂಥ ಅಪ್ಪಣೆಯನ್ನು ಕೊಟ್ಟವನು ಸಾಮಾನ್ಯವಾಗಿ ಹಿಂದಕ್ಕೆ ತೆಗೆದುಕೊಳ್ಳಬಹುದು. ಇದಲ್ಲದೆ, ದಾರಿ ಕಟ್ಟಲ್ಪಟ್ಟದ್ದು ತಿಳಿದೂ ಒಂದು ವರ್ಷ ಸುಮ್ಮನಿದ್ದವನ ಅನುಭೋಗವು ಮುರಿದುಹೋಯಿತೆಂದು ಎಣಿಕೆ. ಹೀಗೆ ನನ್ನ ಬುದ್ಧಿವಾದವನ್ನು ಕೇಳಿ ಆಕೆಯು ಅಪ್ಪಣೆ ಬೇಡಿದ್ದರೆ, ಅತ್ತೆಯ ಕಾಲದ ದಾರಿಯು ಅಂದಿನಿಂದ ಹಿರಿಯರ ದಯೆಯ ದಾರಿಯಾಗುತ್ತಿತ್ತು. ಒಲೆಯ ಕಡೆಗೆ ತಿರುಗಿದವಳಿಗೆ ಕಾಯಿದೆಯು ಗೊತ್ತಿರಲಿಲ್ಲ. ಅದರ ತಿರುಳು ಗೊತ್ತಿತ್ತು.

ಹಿರಿಯರ ಮಾತಿನಲ್ಲಿಯೂ ಸತ್ಯವುಂಟು. ಅದೇ ಕಾಯಿದೆಯ 28ನೇ ಕಲಮು, ಒಂದು ವಿಧದ ದಾರಿಯ ಹಕ್ಕಿನಲ್ಲಿ ಇನ್ನೊಂದು ವಿಧದ ಹಕ್ಕು ಅಡಗಿರುವದಿಲ್ಲವೆನ್ನುತ್ತದೆ. ಕಾಲುದಾರಿಯುಳ್ಳವನು ಬಂಡಿ ಹೊಡೆಯಕೂಡದು. ಹಾಗಾದರೆ ಸೈಕಲು ಕಾಲಿನ ಪಕ್ಷವೋ ಬಂಡಿಯ ಪಕ್ಷವೋ? ಇಂಗ್ಲೆಂಡಿನಲ್ಲಿ 1879ರಲ್ಲಿ ನ್ಯಾಯಾಧಿಪತಿಗಳು, ಅತಿವೇಗದಿಂದ ಸೈಕಲು ಓಡಿಸಿದವನೊಬ್ಬನ ಮೊಕದ್ದಮೆಯಲ್ಲಿ, ಅದೂ ಬಂಡಿಯೇ ಎಂದು ತೀರ್ಪುಕೊಟ್ಟರು. 1888ರಲ್ಲಿ ಅಲ್ಲಿಯ ಪಾರ್ಲಿಮೆಂಟು ಅದನ್ನೇ ಕಾಯಿದೆಯಾಗಿ ಮಾಡಿತು. ಅದರಿಂದ ಸೈಕಲಿಗೆ ರಾಜಬೀದಿಯು ದೊರೆಯಿತು, ಹೊಲದ ಕಾಲುದಾರಿಯು ದೊರೆಯಲಿಲ್ಲ. 1968ರಲ್ಲಿ ಕುದುರೆ ಸವಾರರ ದಾರಿಗಳಲ್ಲಿ ಸೈಕಲಿಗೆ ಹಕ್ಕು ಕೊಡಲ್ಪಟ್ಟಿತು. ಆದರೆ ನಡೆಯುವವನಿಗೂ ಕುದುರೆ ಸವಾರನಿಗೂ ಸೈಕಲಿನವನು ದಾರಿ ಬಿಡಬೇಕೆಂಬ ಷರತ್ತಿನ ಮೇಲೆ. ಪಕ್ಕದ ಸ್ಕಾಟ್ಲೆಂಡು 2003ರ ಕಾಯಿದೆಯಿಂದ ಇನ್ನೂ ಮುಂದೆ ಹೋಗಿ, ಜವಾಬ್ದಾರಿಯಿಂದ ನಡಕೊಳ್ಳುವ ಯಾರಾದರೂ ಕಾಲಿನಿಂದಾಗಲಿ ಸೈಕಲಿನಿಂದಾಗಲಿ ಹೆಚ್ಚಿನ ಭೂಮಿಗಳನ್ನು ದಾಟಬಹುದೆಂದಿತು. ಅಲ್ಲಿಯೂ ಬೆಳೆಯಿರುವ ಹೊಲವನ್ನು ತುಳಿಯುವ ಹಕ್ಕಿಲ್ಲ. ಹುಡುಗಿಯು ಇಳಿದು ಸೈಕಲನ್ನು ತಳ್ಳಿಕೊಂಡು ಹೋದರೆ ಅವಳು ನಡೆಯುವವಳೋ ಬಂಡಿಯವಳೋ ಎಂದು ನಾನು ವಕೀಲರನ್ನು ಕೇಳಿದೆನು. ಅವರು ನಕ್ಕು, ಅದಕ್ಕೆ ಬೇರೆ ಫೀಸು ಬೇಕೆಂದರು.

ಇನ್ನು ದೇವರ ವಾಕ್ಯಕ್ಕೆ ಬರೋಣ. ಅರಣ್ಯಕಾಂಡದ 20ನೇ ಅಧ್ಯಾಯದಲ್ಲಿ ಇಸ್ರಾಯೇಲ್ಯರು ಎದೋಮಿನ ಅರಸನ ಬಳಿಗೆ ದೂತರನ್ನು ಕಳುಹಿಸಿದ್ದನ್ನು ಓದಿರಿ. ಮೋಶೆಯು ಎದೋಮ್ಯರನ್ನು ಅನ್ಯರೆಂದು ಕರೆಯದೆ ಸಹೋದರರೆಂದು ಮಾತಾಡಿಸಿದನು. ಹೊಲಕ್ಕೂ ದ್ರಾಕ್ಷೆಯ ತೋಟಕ್ಕೂ ಕಾಲಿಡುವದಿಲ್ಲವೆಂದು, ಕೇಳಿಸಿಕೊಳ್ಳುವದಕ್ಕೆ ಮೊದಲೇ ತನ್ನ ಮೇರೆಯನ್ನು ತಾನೇ ಹೇಳಿದನು. ಅರಸನು ಒಪ್ಪದಿದ್ದಾಗ, ದನಗಳು ಕುಡಿದ ನೀರಿಗೆ ಕ್ರಯ ಕೊಡುವೆವು, ಕಾಲುನಡಿಗೆಯಿಂದ ದಾಟುವದು ಮಾತ್ರ ಸಾಕು ಎಂದು ಎರಡನೆಯ ಸಾರಿ ಕೇಳಿಕೊಂಡರು. ಆದಾಗ್ಯೂ ಅರಸನು ಕತ್ತಿ ಹಿಡಿದು ಎದುರಿಗೆ ಬಂದನು; ಇಸ್ರಾಯೇಲ್ಯರು ತಿರುಗಿ ಬೇರೆ ದಾರಿ ಹಿಡಿದರು. ಈ ಕಥೆಯಲ್ಲಿ ಎದೋಮ್ಯನ ಕಠಿಣತೆಯನ್ನು ಮಾತ್ರ ನಾವು ಪ್ರಸಂಗಮಾಡುತ್ತೇವೆ. ದಾಟುವವನ ಧರ್ಮವೂ ಅದರಲ್ಲಿದೆ: ನಷ್ಟಕ್ಕೆ ತಾನು ಹೊಣೆಯೆಂದು ಅವನೇ ಮೊದಲು ಹೇಳಬೇಕು. ಹಾಳಿಯು ಕುಸಿದಾಗ ವಿಧವೆಯ ಮನೆಯಿಂದ ಯಾರೂ ಗುದ್ದಲಿ ಹಿಡಿದು ಬರಲಿಲ್ಲ. ಅದು ತಪ್ಪೇ, ಆಕೆಗೆ ಹಾಗೆಯೇ ಹೇಳಿದೆನು.

ಧರ್ಮೋಪದೇಶಕಾಂಡದಲ್ಲಿ ನೆರೆಯವನ ಪೈರಿನೊಳಗೆ ಹೋದವನು ಕೈಯಿಂದ ತೆನೆ ಮುರಿದುಕೊಳ್ಳಬಹುದು, ಕುಡುಗೋಲು ಹಾಕಬಾರದು ಎಂಬ ವಿಧಿಯಿದೆ. ಕೈಗೆ ಒಂದು ಅಳತೆ, ಕಬ್ಬಿಣಕ್ಕೆ ಇನ್ನೊಂದು. ನಮ್ಮ ಕರ್ತನ ಶಿಷ್ಯರು ಪೈರಿನ ನಡುವೆ ಹೋಗುತ್ತಾ ತೆನೆ ಕಿತ್ತು ತಿಂದಾಗ ಫರಿಸಾಯರು ಸಬ್ಬತ್ತಿನ ತಪ್ಪನ್ನು ಹಿಡಿದರೇ ಹೊರತು, ಹೊಲದಲ್ಲಿ ಯಾಕೆ ನಡೆದಿರಿ ಎಂದು ಕೇಳಲಿಲ್ಲ. ಅಷ್ಟು ತಪ್ಪು ಹುಡುಕುವವರಿಗೂ ಅದು ತಪ್ಪಾಗಿ ತೋರಲಿಲ್ಲ.

ಬಡವರು ದಯೆಗಿಂತ ಹಕ್ಕನ್ನು ಯಾಕೆ ಹೆಚ್ಚಾಗಿ ಬಯಸುತ್ತಾರೆಂದು ಹೊಟ್ಟೆತುಂಬಿದವರು ಕೇಳುವದುಂಟು. ನಮ್ಮ ಅಜ್ಜಂದಿರನ್ನು ನೆನಸಿರಿ. ಎದುರಿಗೆ ದೊಡ್ಡವರು ಬಂದರೆ ಹಾಳಿಯಿಂದ ಕೆಸರಿಗೆ ಇಳಿದು ನಿಂತವರ ಮಕ್ಕಳು ನಮ್ಮಲ್ಲಿ ಅನೇಕರಿದ್ದೇವೆ. ತಿರುವಾಂಕೂರಿನ ವೈಕಂನಲ್ಲಿ ದೇವಸ್ಥಾನದ ಸುತ್ತಲಿನ ರಸ್ತೆಗಳಲ್ಲಿ ನಡೆಯುವದಕ್ಕಾಗಿಯೇ 1924–25ರಲ್ಲಿ ಜನರು ತಿಂಗಳುಗಟ್ಟಲೆ ಸತ್ಯಾಗ್ರಹ ಹೂಡಬೇಕಾಯಿತು. ಇದು ಹಳೇ ಕಾಲದ ಮಾತೆನ್ನಬೇಡಿರಿ. ಪರಿಶಿಷ್ಟ ಜಾತಿ ಪಂಗಡಗಳ ಮೇಲಿನ ದೌರ್ಜನ್ಯವನ್ನು ತಡೆಯುವ 1989ರ ಕಾಯಿದೆಯನ್ನು 2015ರಲ್ಲಿ ತಿದ್ದಿದಾಗ, ಸಾರ್ವಜನಿಕ ಸ್ಥಳದಲ್ಲಿ ಅವರು ಸೈಕಲು ಹತ್ತುವದನ್ನಾಗಲಿ ಚಪ್ಪಲಿ ಮೆಟ್ಟುವದನ್ನಾಗಲಿ ಹೊಸ ಬಟ್ಟೆ ಉಡುವದನ್ನಾಗಲಿ ತಡೆಯುವದು ಅಪರಾಧವೆಂದು ಬಿಡಿಸಿ ಬರೆಯಬೇಕಾಯಿತು. 2016ರ ಜನವರಿ 26ರಿಂದ ಅದು ಜಾರಿಗೆ ಬಂತು. ತಡೆಯುವವರು ಇಲ್ಲದಿದ್ದರೆ ಸೈಕಲಿನ ಹೆಸರನ್ನು ಯಾರು ಕಾಯಿದೆಯಲ್ಲಿ ಬರೆಯುತ್ತಿದ್ದರು? 1950ರ ರಾಷ್ಟ್ರಪತಿಯ ಆಜ್ಞೆಯ ಪ್ರಕಾರ ಕ್ರೈಸ್ತರಾದವರು ಪರಿಶಿಷ್ಟ ಜಾತಿಯವರೆಂದು ಎಣಿಸಲ್ಪಡುವದಿಲ್ಲವಾದ್ದರಿಂದ, ಅವರಿಗಾಗಿ ಬರೆದ ಈ ರಕ್ಷಣೆಯು ನಮಗೆ ಸಿಕ್ಕುವದಿಲ್ಲ. ರಸ್ತೆಗಳ ವಿಷಯದಲ್ಲಿ ಮತವನ್ನಾಗಲಿ ಜಾತಿಯನ್ನಾಗಲಿ ನೋಡಿ ಯಾರನ್ನೂ ತಡೆಯಬಾರದೆಂಬ ಸಂವಿಧಾನದ 15ನೇ ಅನುಚ್ಛೇದವು ನಮಗೂ ಸಲ್ಲುತ್ತದೆ. ಆದರೆ ಅದು ಸಾರ್ವಜನಿಕ ರಸ್ತೆಯ ಮಾತು, ಹಿರಿಯರ ಹಾಳಿಯದಲ್ಲ.

ಹೀಗೆ ಕೆಸರಿನಿಂದ ಮೇಲೆ ಬಂದವರಿಗೆ ಅಪ್ಪಣೆಯೆಂಬ ಮಾತು ಕೆಳಕ್ಕೆ ಇಳಿಯೆಂದು ಕೇಳಿಸುತ್ತದೆ. ಹಾಗಾದರೆ ಕ್ರೈಸ್ತನು ಹಕ್ಕಿಗಾಗಿ ಹೋರಾಡಬಹುದೋ? ಕೊರಿಂಥದವರು ಒಬ್ಬರ ಮೇಲೊಬ್ಬರು ನ್ಯಾಯಸ್ಥಾನಕ್ಕೆ ಹೋದದ್ದಕ್ಕಾಗಿ ಪೌಲನು ಅವರನ್ನು ಗದರಿಸಿದನು; ಅನ್ಯಾಯವನ್ನು ಸಹಿಸಬಾರದೇ ಎಂದು ಕೇಳಿದನು. ಅದೇ ಪೌಲನು ಫಿಲಿಪ್ಪಿಯಲ್ಲಿ ಸೆರೆಮನೆಯಿಂದ ಗುಟ್ಟಾಗಿ ಬಿಡಿಸಲ್ಪಡುವದಕ್ಕೆ ಒಪ್ಪದೆ, ತಾನು ರೋಮ್ ಪೌರನೆಂದು ಹೇಳಿ ಅಧಿಕಾರಿಗಳೇ ಬಂದು ಕರಕೊಂಡು ಹೋಗುವಂತೆ ಮಾಡಿದನು. ಸುವಾರ್ತೆ ಸಾರುವವನಿಗೆ ಸಂಬಳದ ಹಕ್ಕುಂಟೆಂದು ವಾದಿಸಿ ಸ್ಥಾಪಿಸಿದ ಮೇಲೆಯೇ ತಾನು ಅದನ್ನು ಬಿಟ್ಟುಕೊಟ್ಟನು. ಇಲ್ಲದ್ದನ್ನು ಬಿಡಲಾಗುವದಿಲ್ಲ. ಮತ್ತು ತನ್ನ ಹಕ್ಕನ್ನು ತಾನೇ ಬಿಡುವದು ಒಂದು. ವಿಧವೆಯ ಹಕ್ಕನ್ನು ಬಿಡೆಂದು ಆಕೆಗೆ ಉಪದೇಶಮಾಡುವದು ಬೇರೊಂದು. ಹಿರಿಯರಿಗೆ ಬಿಡೆಂದು ಹೇಳುವ ಧೈರ್ಯವಿಲ್ಲದವನು ಬಡವಳಿಗೆ ಬಿಡೆಂದು ಹೇಳುತ್ತಾನೆ. ನಾನು ಅದನ್ನೇ ಮಾಡಿದ್ದೆನು.

ಕಾಯಿದೆಯು ಕಾಲನ್ನೂ ಗಾಲಿಯನ್ನೂ ಬೇರೆಮಾಡಿದ್ದರಿಂದ, ನಾವೂ ಹಾಗೆಯೇ ಮಾಡಬಹುದೆಂದು ನನಗೆ ತೋಚಿತು. ಒಂದು ಸಾಯಂಕಾಲ ಇಬ್ಬರನ್ನೂ ದೇವಾಲಯದ ಜಗುಲಿಯಲ್ಲಿ ಕುಳ್ಳಿರಿಸಿ, ವಕೀಲರು ನೋಡಿಕೊಟ್ಟ ಒಂದು ಕಾಗದವನ್ನು ಓದಿದೆನು. ನಡೆಯುವ ದಾರಿಯು ಆ ಮನೆಯವರ ಹಕ್ಕು. ಅದಕ್ಕೆ ಯಾರ ಅಪ್ಪಣೆಯೂ ಬೇಡ. ಸೈಕಲಿನ ದಾರಿಯು ಹಿರಿಯರ ಅಪ್ಪಣೆ. ಎಷ್ಟು ವರ್ಷವಾದರೂ ಅದು ಹಕ್ಕಾಗುವದಿಲ್ಲ. ನಾಟಿಯಿಂದ ಕೊಯ್ಲಿನ ವರೆಗೆ ಹುಡುಗಿಯು ಇಳಿದು ತಳ್ಳಿಕೊಂಡು ಹೋಗಬೇಕು. ಹಾಳಿ ಕುಸಿದರೆ ಎರಡು ಮನೆಯವರೂ ಮಣ್ಣು ಹಾಕಬೇಕು. ಹಿರಿಯರು ಅಪ್ಪಣೆಯ ಮಾತನ್ನು ಎರಡು ಸಾರಿ ಓದಿಸಿ ಕೇಳಿ, ಭಯ ಬಿಟ್ಟು ರುಜು ಹಾಕಿದರು. ವಿಧವೆಯು ರುಜು ಹಾಕುವದಕ್ಕೆ ಎಂಟು ದಿನ ತೆಗೆದುಕೊಂಡಳು. ಹಕ್ಕೆಂಬ ಮಾತು ಮೊದಲನೆಯ ಸಾಲಿನಲ್ಲಿಯೇ ಇದೆಯೋ ಎಂದು ದೊಡ್ಡ ಮಗಳಿಂದ ಓದಿಸಿ ನೋಡಿದ ಮೇಲೆ ಹಾಕಿದಳು.

ಬೇಲಿಯು ತೆಗೆಯಲ್ಪಟ್ಟಿತು, ದಣಪೆಯ ಗಳಗಳನ್ನು ತಿರುಗಿ ಹಾಕಿದ್ದಾರೆ. ಮೋಟಾರು ಬೈಕಿನ ವಿಷಯವಾಗಿ ಕಾಗದದಲ್ಲಿ ಏನೂ ಬರೆದಿಲ್ಲ. ವಿಧವೆಯ ಅಳಿಯನ ಬಳಿ ಒಂದು ಇದೆ. ಸದ್ಯಕ್ಕೆ ಅವನು ಅದನ್ನು ಡಾಂಬರು ರಸ್ತೆಯ ಬದಿಯಲ್ಲಿ ನಿಲ್ಲಿಸಿ ನಡೆದುಕೊಂಡು ಬರುತ್ತಾನೆ.