ಇದರಾಗ ಉಳೀತೈತೇನಪಾ?

ನನ್ನ ಧ್ವನಿಮುದ್ರಣದ ಕೋಣೆಯಲ್ಲಿರುವ ಕಂಪ್ಯೂಟರ್ 2011ರದು. 4 ಜಿಬಿ ರ‍್ಯಾಮ್, ವಿಂಡೋಸ್ 7, ಅದೇ ಕಾಲದ ಸಂಗೀತ ತಂತ್ರಾಂಶ. ಧಾರವಾಡದ ಚೈತ್ರದ ಮಧ್ಯಾಹ್ನಗಳಲ್ಲಿ ಅದರ ಫ್ಯಾನು ಏದುಸಿರು ಬಿಡುತ್ತದೆ. ಆ ಸದ್ದು ಮೈಕಿಗೆ ಮುಟ್ಟಬಾರದೆಂದು ನಡುವೆ ಒಂದು ಕೌದಿ ಇಳಿಬಿಟ್ಟಿದ್ದೇನೆ.

ಮೊನ್ನೆ, ಮಿಕ್ಸಿಂಗ್ ಕಲಿಯಲು ಬರುವ ಹುಡುಗ ಹೇಳಿದ: "ಸರ್, ಹೊಸಾ ವರ್ಷನ್ ಹಾಕ್ಕೊಂಡ್ಬಿಡ್ರಿ. ನಾ ಕಳಿಸಿದ ಫೈಲು ನಿಮ್ಮ ಕಡೆ ಓಪನ್ ಆಗೂದಿಲ್ಲ." ಅವನ ಮಾತು ಸರಿಯಾಗಿತ್ತು. ಆದರೂ ನಾನು "ನೋಡೋಣಪಾ" ಅಂದೆ. ಆ ಮಾತಿನೊಳಗೆ ಇದ್ದದ್ದು ವಿವೇಕವೋ, ಸೋಮಾರಿತನವೋ, ಖರ್ಚಿನ ಹೆದರಿಕೆಯೋ ಎಂದು ಅಂದಿನಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ.

ಹಳೆಯದರಲ್ಲೇ ದುಡಿಯುವವನಿಗೆ ತನ್ನ ಸರಳತೆಯ ಬಗ್ಗೆ ಒಂದು ಹೆಮ್ಮೆ ಬಂದುಬಿಡುತ್ತದೆ. ನನಗೂ ಬಂದಿತ್ತು. ಬೀಟಲ್ಸ್ 1967ರ ತಮ್ಮ ಪ್ರಸಿದ್ಧ ಆಲ್ಬಂ 'ಸಾರ್ಜೆಂಟ್ ಪೆಪ್ಪರ್'ಅನ್ನು ನಾಲ್ಕು ಟ್ರ್ಯಾಕಿನ ಟೇಪಿನಲ್ಲೇ ಮುದ್ರಿಸಿದ್ದು ಎಂದು ಎಷ್ಟೋ ಸಲ ಹುಡುಗರಿಗೆ ಹೇಳಿದ್ದೇನೆ. ಹೇಳದೆ ಬಿಟ್ಟ ಅರ್ಧ ಸತ್ಯವೂ ಇದೆ. ಅವರಿಗೆ ಆಗ ಸಿಕ್ಕಿದ್ದು ನಾಲ್ಕೇ. ಮರುವರ್ಷ ಎಂಟು ಟ್ರ್ಯಾಕಿನ ಯಂತ್ರ ಸಿಕ್ಕಾಗ ಅದಕ್ಕೇ ಹೋದರು. ಇದ್ದದ್ದರಲ್ಲಿ ಮಾಡುವುದು ಬೇರೆ, ಇದ್ದದ್ದಕ್ಕೇ ಅಂಟಿಕೊಳ್ಳುವುದು ಬೇರೆ.

ಈ ಅಂಟಿಗೆ ಬೆಲೆ ತೆತ್ತವರು ಯಾರೆಂದು ನನಗೆ ಗೊತ್ತಾದದ್ದು ಕಳೆದ ವರ್ಷ. ಟ್ರ್ಯಾಕುಗಳು ಇಪ್ಪತ್ತು ದಾಟಿದರೆ ನನ್ನ ಯಂತ್ರದಲ್ಲಿ ಶಬ್ದ ಒಡೆಯುತ್ತದೆ. ತಡೆಯಬೇಕೆಂದರೆ ಬಫರ್, ಅಂದರೆ ಯಂತ್ರ ಒಂದು ಸಲಕ್ಕೆ ಕೂಡಿಟ್ಟುಕೊಳ್ಳುವ ಶಬ್ದದ ಗಂಟು, ಹೆಚ್ಚಿಸಬೇಕು. ಸೆಕೆಂಡಿಗೆ 44,100 ಸ್ಯಾಂಪಲ್‌ಗಳ ಲೆಕ್ಕದಲ್ಲಿ 256ರ ಬಫರ್ ಎಂದರೆ ಸುಮಾರು 6 ಮಿಲಿಸೆಕೆಂಡ್ ತಡ. 1,024ಕ್ಕೆ ಏರಿಸಿದರೆ 23. ದನಿ ಒಳಗೆ ಹೋಗಿ ಹೊರಬರುವಷ್ಟರಲ್ಲಿ ಈ ತಡ ಇಮ್ಮಡಿಯಾಗುತ್ತದೆ. ಹೆಡ್‌ಫೋನಿನಲ್ಲಿ ತಮ್ಮದೇ ದನಿ ಹೀಗೆ ತಡವಾಗಿ ಕೇಳಿದರೆ ಹಾಡುವವರ ಕಾಲು ಜಾರುತ್ತದೆ. ಒಬ್ಬ ಗಾಯಕಿ ಮೂರು ಸಲ ಹಾಡಿ, "ಇವತ್ತ ಯಾಕೋ ಲಯಾ ನಿಲ್ಲವಲ್ತರಿ, ತಪ್ಪು ತಿಳಕೋಬ್ಯಾಡ್ರಿ" ಎಂದು ನನ್ನ ಕ್ಷಮೆ ಕೇಳಿದರು. ಅವರ ಲಯ ನೆಟ್ಟಗಿತ್ತು. ತಪ್ಪು ನನ್ನ ಯಂತ್ರದ್ದು, ಅದನ್ನು ಹಾಗೇ ಇಟ್ಟುಕೊಂಡ ನನ್ನದು. ನನ್ನ ಮಿತವ್ಯಯದ ಖರ್ಚನ್ನು ಅವರು ಭರಿಸುತ್ತಿದ್ದರು.

ಹಾಗಾದರೆ ಬದಲಿಸಿಬಿಡಬಹುದಿತ್ತಲ್ಲ. ಅಡ್ಡ ನಿಂತದ್ದು ಒಂದು ತಂಬೂರಿ.

ಬಹಳ ವರ್ಷದ ಹಿಂದೆ ಒಂದು ಹಳ್ಳಿಯ ಅಜ್ಜಿಯನ್ನು ಕರೆತಂದು ಬೀಸುಕಲ್ಲಿನ ಪದಗಳನ್ನು ಮುದ್ರಿಸಿಕೊಂಡಿದ್ದೆ. ಅವರ ಶ್ರುತಿ ಹಾರ್ಮೋನಿಯಮ್ಮಿನ ಯಾವ ಮನೆಗೂ ಕೂಡುತ್ತಿರಲಿಲ್ಲ. ಎರಡು ಮನೆಗಳ ಸಂದಿಯಲ್ಲಿ, ತನ್ನ ಜಾಗದಲ್ಲಿ, ಕದಲದೆ ನಿಂತಿತ್ತು. ಆಗ ಯಾರೋ ಒಬ್ಬ ಪ್ರೋಗ್ರಾಮರ್ ಉಚಿತವಾಗಿ ಹಂಚಿದ್ದ, ಸಂಗೀತ ತಂತ್ರಾಂಶದೊಳಗೆ ಸೇರಿಸಿಕೊಳ್ಳುವ ಪುಟ್ಟ ತಂಬೂರಿ ಪ್ಲಗಿನ್ ನನ್ನಲ್ಲಿತ್ತು. ಅದರ ತಂತಿಗಳನ್ನು ಕೂದಲೆಳೆಯಷ್ಟು ಏರಿಸುತ್ತ ಇಳಿಸುತ್ತ ಎರಡು ರಾತ್ರಿ ಕೂತು ಅಜ್ಜಿಯ ಶ್ರುತಿಗೆ ಸೇರಿಸಿದೆ. ಅಜ್ಜಿಯನ್ನು ಯಂತ್ರಕ್ಕೆ ಎಳೆಯಲಿಲ್ಲ, ಯಂತ್ರವೇ ಅಜ್ಜಿಯ ಬಳಿಗೆ ಹೋಯಿತು. ನನ್ನ ಕೆಲಸದಲ್ಲಿ ನನಗೆ ಪೂರ್ಣ ತೃಪ್ತಿ ಕೊಟ್ಟದ್ದು ಆ ಎರಡು ರಾತ್ರಿ.

ಆ ಪ್ಲಗಿನ್ 32 ಬಿಟ್‌ನದು. ಹೊಸ ತಂತ್ರಾಂಶಗಳಲ್ಲಿ ಹಲವು ಅದನ್ನು ಗುರುತಿಸುವುದಿಲ್ಲ. 2016ರ ಕೊನೆಗೆ ಬಂದ ಕ್ಯೂಬೇಸ್ 9ರಿಂದಾಚೆ 32 ಬಿಟ್‌ಗೆ ಬಾಗಿಲಿಲ್ಲ. 2019ರಲ್ಲಿ ಆಪಲ್‌ನ ಕ್ಯಾಟಲಿನಾ ಇಂಥ ಎಲ್ಲ ತಂತ್ರಾಂಶಗಳನ್ನೂ ಒಟ್ಟಿಗೆ ಹೊರಗಿಟ್ಟಿತು. ಅದಕ್ಕೆ ಕಾರಣವೂ ಇದೆ. 32 ಬಿಟ್‌ನ ವಿಳಾಸಗಳಿಗೆ 4 ಜಿಬಿಯಾಚೆಯ ಸ್ಮೃತಿ ಎಟುಕದು, ಇಂದಿನ ಒಂದೊಂದು ವಾದ್ಯವೇ ಅಷ್ಟನ್ನು ನುಂಗಬಲ್ಲದು. ಆದರೆ ಅಜ್ಜಿಯ ಪದದ ಪ್ರಾಜೆಕ್ಟ್ ಫೈಲನ್ನು ಹೊಸದರಲ್ಲಿ ತೆರೆದರೆ ತಂಬೂರಿಯ ಜಾಗ ಖಾಲಿ ಬೀಳುತ್ತದೆ. ಅವರಿಗೆ ನಾನು ಮಾತು ಕೊಟ್ಟಿದ್ದೆ. "ಇದರಾಗ ಉಳೀತೈತೇನಪಾ?" ಎಂದು ಕೇಳಿದ್ದರು. "ಉಳೀತೈತವ್ವಾ" ಅಂದಿದ್ದೆ. ಈಗ ಅವರಿಲ್ಲ.

ಯಾವುದು ಉಳಿಯುತ್ತದೆ ಎಂದು ಹುಡುಕುತ್ತ ಹೋದರೆ ಮನಸ್ಸಿಗೆ ಧೈರ್ಯ ಕೊಡುವ ಒಂದು ಸಂಗತಿ ಸಿಗುತ್ತದೆ. 1983ರ ಜನವರಿಯಲ್ಲಿ ಅಮೆರಿಕದ ಡೇವ್ ಸ್ಮಿತ್ ಅವರ ಕಂಪನಿಯ ಸಿಂಥಸೈಜರಿಗೂ ಜಪಾನಿನ ಇಕುತಾರೊ ಕಾಕೆಹಾಶಿ ಅವರ ರೋಲಂಡ್ ಕಂಪನಿಯ ಸಿಂಥಸೈಜರಿಗೂ ಎಲ್ಲರೆದುರು ಒಂದು ಕೇಬಲ್ ಸಿಕ್ಕಿಸಿದರು. ಒಂದನ್ನು ನುಡಿಸಿದರೆ ಇನ್ನೊಂದು ನುಡಿಯಿತು. ಅದೇ ಮಿಡಿ. ಪೈಪೋಟಿಯ ಕಂಪನಿಗಳು ಸೇರಿ ಕಟ್ಟಿದ ಆ ಭಾಷೆಗೆ ರಾಯಲ್ಟಿ ಇಡಲಿಲ್ಲ. ಅಂದಿನ ಕೀಬೋರ್ಡಿನ ಮಾತು ಇಂದಿನ ಕಂಪ್ಯೂಟರಿಗೂ ತಿಳಿಯುತ್ತದೆ. 1991ರಲ್ಲಿ ಬಂದ ವೇವ್ ಎಂಬ ಧ್ವನಿ ಫೈಲೂ ಹಾಗೆಯೇ, ಯಾವ ಸಂಗೀತ ತಂತ್ರಾಂಶದಲ್ಲೂ ತೆರೆದುಕೊಳ್ಳುತ್ತದೆ. ನಾನು ಮಾತ್ರ ಅಜ್ಜಿಗೆ ಕೊಟ್ಟ ಮಾತನ್ನು ಒಂದೇ ತಂತ್ರಾಂಶದ ಒಂದೇ ಆವೃತ್ತಿಯೊಳಗೆ ಬೀಗ ಹಾಕಿ ಇಟ್ಟಿದ್ದೆ. ಹಳೆಯ ಯಂತ್ರವನ್ನು ಕಾಯುವುದೇ ಆ ದನಿಯನ್ನು ಕಾಯುವುದು ಎಂದು ನಂಬಿದ್ದೆ. ಯಂತ್ರದ ಹಾರ್ಡ್ ಡಿಸ್ಕ್ ಯಾವತ್ತು ನಿಂತೀತೋ ಯಾರು ಬಲ್ಲರು?

ಕೊನೆಗೆ ಮಾಡಿದ್ದು ಇಷ್ಟು. ಹಳೆಯದರ ಮೇಲೆ ಹೊಸ ಆವೃತ್ತಿ ಹೇರಲಿಲ್ಲ. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೇ ಬೆಂಬಲ ನಿಂತದ್ದರಿಂದ ಇಂಟರ್ನೆಟ್ ವೈರು ಕಿತ್ತಿಟ್ಟೆ. ಹಾಡುವವರಿಗಾಗಿ ಬೇರೆ ಯಂತ್ರಕ್ಕೆ ಹಣ ಕೂಡಿಸುತ್ತಿದ್ದೇನೆ. ಅದು ಬರುವ ಮೊದಲು, ದಿನಾ ರಾತ್ರಿ ಊಟವಾದ ಮೇಲೆ ಒಂದೊಂದು ಹಾಡು ತೆರೆದು, ಪ್ರತಿ ಟ್ರ್ಯಾಕನ್ನೂ ಸೊನ್ನೆಯಿಂದ ಕೊನೆಯವರೆಗೆ ವೇವ್ ಮಾಡಿ ಎರಡು ಡಿಸ್ಕಿಗೆ ಇಳಿಸುತ್ತಿದ್ದೇನೆ. ತಂಬೂರಿಯನ್ನೂ ಹಾಗೆಯೇ. ಮುಂದೆ ಅದರ ಶ್ರುತಿ ತಿದ್ದಲಾಗದು, ತಿದ್ದಬೇಕಾಗಿಯೂ ಇಲ್ಲ.

ಮೊದಲ ರಾತ್ರಿ ತೆರೆದದ್ದು ಅಜ್ಜಿಯದನ್ನೇ. ಮಿಕ್ಸಿನಲ್ಲಿ ನಾನು ಕತ್ತರಿಸಿದ್ದ ಮೊದಲಿನ ಭಾಗ ಸೊನ್ನೆಯಿಂದ ಶುರುಮಾಡಿದಾಗ ಕೇಳಿಸಿತು. ಕೆಮ್ಮು, ಸೀರೆಯ ಸರಬರ, "ಇದರಾಗ ಉಳೀತೈತೇನಪಾ?" ಆಮೇಲೆ ನನ್ನ ದನಿಗಾಗಿ ಕಿವಿಗೊಟ್ಟೆ. ಅದು ಇರಲಿಲ್ಲ. ಇಷ್ಟು ವರ್ಷ ಬಾಯಿಬಿಟ್ಟು ಹೇಳಿದ್ದೆ ಎಂದುಕೊಂಡಿದ್ದೆ, ತಲೆಯಷ್ಟೇ ಆಡಿಸಿದ್ದೆನೇನೋ. ಒಂದು ಗಳಿಗೆ ಏನೂ ಇಲ್ಲ, ಬಳೆಯ ಸದ್ದು, ಆಮೇಲೆ ಪದ.